ಕಾರು ಮಾತಾಡುತ್ತದಂತೆ, ಯಾರ ಜತೆ ಸ್ವಾಮಿ?

ಇನ್ನು ಹತ್ತು ವರ್ಷ ಕಾದರೆ ಸಾಕಂತೆ, ಶಿಲ್‌ಫಾಟಾದಲ್ಲಿ ಜಾಮ್ ಅನ್ನುವುದೇ ಇರುವುದಿಲ್ಲವಂತೆ. ಕಾರುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, "ನೀ ಮೊದಲು ಹೋಗು ಮಾರಾಯ, ನಾ ಆಮೇಲೆ ಬರ್ತೇನೆ" ಎಂದು ದಾರಿ ಬಿಟ್ಟುಕೊಟ್ಟು, ಹಾಲಿಗೆ ಸಕ್ಕರೆ ಬೆರೆತ ಹಾಗೆ ಒಂದು ರಸ್ತೆಯಿಂದ ಇನ್ನೊಂದು ರಸ್ತೆಗೆ ಬೆರೆತು ಹೋಗುತ್ತವಂತೆ!

2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದೊಳಗೆ ಚಾಲಕನಿಲ್ಲದ ಕಾರೊಂದು ಓಡಾಡಿದ ವಿಡಿಯೋ ನಿಮಗೂ ಬಂದಿರಬೇಕು. ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆ ಕಾಲೇಜು ಸೇರಿ ಮಾಡಿದ ಕಾರು. ನಮ್ಮೂರಿನ ಹುಡುಗರ ಕೆಲಸ ಅಂತ ನನಗೂ ಹೆಮ್ಮೆಯೇ. ಆದರೆ ಆ ವಿಡಿಯೋ ಬಂದಾಗಿನಿಂದ ಇಲ್ಲಿ ನಮ್ಮ ಜನ ಸೇರಿದ ಕಡೆಯೆಲ್ಲ, ಅದು ಮದುವೆ ಮನೆಯಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಇದೇ ಮಾತು. "ಇನ್ನೇನು ಬಂತು ಸ್ವಾಮಿ, ಎಲ್ಲ ಸರಿಹೋಗುತ್ತೆ." ಡೊಂಬಿವಲಿಗೆ ಬಂದು ನಲವತ್ತು ವರ್ಷವಾಗುತ್ತ ಬಂದ ನನಗೆ ಈ "ಇನ್ನೇನು ಬಂತು" ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ನಲವತ್ತು ವರ್ಷದಿಂದ ಇಲ್ಲಿ ಏನೇನೋ "ಇನ್ನೇನು ಬಂತು" ಅನ್ನುತ್ತಲೇ ಇದೆ...

ನಾನು ಯಂತ್ರದ ವಿರೋಧಿ ಅಲ್ಲ. ನನ್ನ ತಕರಾರು ಬೇರೆ. ಎರಡು ರಸ್ತೆ ಕೂಡುವಲ್ಲಿ, ಒಂದು ಲೇನಿನಿಂದ ಇನ್ನೊಂದಕ್ಕೆ ಹೊರಳುವಲ್ಲಿ ಕಾರಿಗೆ ಬೇಕಾದದ್ದು ಬುದ್ಧಿಗಿಂತ ಹೆಚ್ಚಾಗಿ ಒಪ್ಪಂದ. ಬುದ್ಧಿಯನ್ನು ಶೋರೂಮಿನಲ್ಲಿ ಕೊಳ್ಳಬಹುದು. ಒಪ್ಪಂದವನ್ನು ಒಬ್ಬನೇ ಕೊಂಡು ತರಲು ಆಗುವುದಿಲ್ಲ, ಅದನ್ನು ಊರು ಮಾಡಬೇಕು. ಈ ಒಂದು ಮಾತನ್ನು ಮುಚ್ಚಿಟ್ಟು ಮಾರುತ್ತಿರುವ ಕನಸಿನ ಮೇಲೆ ನನ್ನ ಸಿಟ್ಟು.

ಮೊದಲು ಶಿಲ್‌ಫಾಟಾವನ್ನೇ ತೆಗೆದುಕೊಳ್ಳಿ. ಕಲ್ಯಾಣ, ಡೊಂಬಿವಲಿಯಿಂದ ಬರುವ ಕಲ್ಯಾಣ–ಶಿಲ್ ರಸ್ತೆ, ಪನ್ವೇಲ್, ತಳೋಜಾ ಕಡೆಯಿಂದ ಬರುವ ಹಳೆ ಹೆದ್ದಾರಿ, ಮಹಾಪೆಯಿಂದ ಏರಿ ಬರುವ ರಸ್ತೆ, ಆ ಕಡೆ ಮುಂಬ್ರಾ ಬೈಪಾಸ್. ನಾವಾ ಶೇವಾ ಬಂದರಿನಿಂದ ಗುಜರಾತಿಗೂ ನಾಸಿಕಕ್ಕೂ ಹೊರಟ ಕಂಟೈನರುಗಳು, ಭಿವಂಡಿಯ ಗೋದಾಮಿನ ಲಾರಿಗಳು, ಕಂಪನಿ ಬಸ್ಸುಗಳು, ಕೆಡಿಎಂಟಿ, ಎನ್‌ಎಂಎಂಟಿ ಬಸ್ಸುಗಳು, ರಿಕ್ಷಾಗಳು, ಟೆಂಪೋಗಳು, ಮತ್ತೆ ಲೆಕ್ಕವಿಲ್ಲದಷ್ಟು ಸ್ಕೂಟರು, ಬೈಕು. ಎಲ್ಲರೂ ಕೂಡುವುದು ಅಲ್ಲೇ. 2018ರಲ್ಲಿ ಮುಂಬ್ರಾ ಬೈಪಾಸನ್ನು ದುರಸ್ತಿಗೆಂದು ಹಲವು ತಿಂಗಳು ಮುಚ್ಚಿದಾಗ ಥಾಣೆ, ಐರೋಲಿ, ಕಳವಾ ಎಲ್ಲ ಕಡೆ ಏನಾಯಿತೆಂದು ಇಲ್ಲಿದ್ದವರಿಗೆ ಗೊತ್ತು. ಒಂದು ಕೂಡುದಾರಿ ಕೈಕೊಟ್ಟರೆ ಇಡೀ ಜಿಲ್ಲೆಯ ಉಸಿರು ಕಟ್ಟುತ್ತದೆ.

ನಮ್ಮ ಸೊಸೆ ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಮಹಾಪೆಗೆ ಸ್ಕೂಟರಿನಲ್ಲಿ ಹೋಗುತ್ತಾಳೆ. ಕಾರು ಕಾರು ಮಾತಾಡುವ ಈ ಪುರಾಣವನ್ನು ನಾನು ಊಟದ ಹೊತ್ತಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಆ ಕಾರು ನನ್ನ ಸ್ಕೂಟರಿನ ಹತ್ತಿರವೂ ಮಾತಾಡ್ತದಾ?"

ಈ ಲೇಖನಕ್ಕೆ ಅಷ್ಟೇ ಕಾರಣ. ಇಷ್ಟು ಸಣ್ಣ ಪ್ರಶ್ನೆಗೆ ಆ ಕನಸು ಮಾರುವವರ ಹತ್ತಿರ ಉತ್ತರವಿಲ್ಲ.

ಇದು ತಮಾಷೆಯ ಪ್ರಶ್ನೆಯೂ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸರ್ಕಾರದ್ದೇ ಲೆಕ್ಕ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಎರಡು ಚಕ್ರದ ಗಾಡಿಯವರು. ರಸ್ತೆ ಕೂಡುವ ಜಾಗದಲ್ಲಿ ಕಾರಿನವನು ಕಳೆದುಕೊಳ್ಳುವುದು ಹತ್ತು ನಿಮಿಷ, ಬಂಪರಿನ ಬಣ್ಣ. ಎಡಗಡೆ ಕಂಟೈನರು ಹೊರಳಿದರೆ ಸ್ಕೂಟರಿನವಳು ಕಳೆದುಕೊಳ್ಳುವುದು ಏನೆಂದು ನಾನು ಬರೆಯಬೇಕೆ?

ಈಗ ಸ್ವಲ್ಪ ಲೆಕ್ಕ ಮಾಡೋಣ. ಹೆದರಬೇಡಿ, ಎರಡನೇ ಕ್ಲಾಸಿನ ಗಣಿತವೇ. ಒಂದು ಗಾಡಿಗೂ ಅದರ ಹಿಂದಿನ ಗಾಡಿಗೂ ಎರಡು ಸೆಕೆಂಡಿನ ಅಂತರವಿರಬೇಕು ಎಂದು ಡ್ರೈವಿಂಗ್ ಕಲಿಸುವವರು ಹೇಳುತ್ತಾರೆ. ಗಂಟೆಗೆ 3600 ಸೆಕೆಂಡು. ಅಂದರೆ ಒಂದು ಲೇನಿನಲ್ಲಿ ಗಂಟೆಗೆ 1800 ಗಾಡಿ. ಈಗ ತಲಾ 1200 ಗಾಡಿ ಬರುವ ಎರಡು ಲೇನುಗಳು ಕೂಡಿ ಒಂದೇ ಲೇನು ಆಗುತ್ತದೆ ಎಂದಿಟ್ಟುಕೊಳ್ಳಿ. ಬರುವುದು 2400, ಹೋಗಲು ಜಾಗವಿರುವುದು 1800ಕ್ಕೆ. ಮಿಕ್ಕ 600 ಗಾಡಿ ಎಲ್ಲಿಗೆ ಹೋಗಬೇಕು? ಹಿಂದೆ ನಿಲ್ಲಬೇಕು, ಅಷ್ಟೆ. ಚಾಲಕ ಮನುಷ್ಯನಾದರೇನು, ಕಂಪ್ಯೂಟರ್ ಆದರೇನು, ಪುಷ್ಪಕ ವಿಮಾನದ ಸಾರಥಿಯೇ ಆದರೇನು?

ಹಾಗಾದರೆ ವಿಜ್ಞಾನಿಗಳು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು ಹೇಳುತ್ತಿರುವುದನ್ನು ನಾವು ಅರ್ಧ ಕೇಳುತ್ತಿದ್ದೇವೆ.

ಈ ಸಂಶೋಧನೆ ನಿನ್ನೆ ಮೊನ್ನೆಯದಲ್ಲ. 1997ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಹೆದ್ದಾರಿಯಲ್ಲಿ ಎಂಟು ಬ್ಯೂಕ್ ಕಾರುಗಳನ್ನು ಒಂದರ ಹಿಂದೊಂದು, ನಡುವೆ ಆರೇಳು ಮೀಟರು ಮಾತ್ರ ಬಿಟ್ಟು, ಚಾಲಕರ ಕೈಯಿಲ್ಲದೆ ಓಡಿಸಿ ತೋರಿಸಿದ್ದರು. ರಸ್ತೆಯಲ್ಲಿ ಅಯಸ್ಕಾಂತ ಹೂತಿದ್ದರು, ಕಾರುಗಳು ರೇಡಿಯೋದಲ್ಲಿ ಒಂದಕ್ಕೊಂದು ಸುದ್ದಿ ಕೊಡುತ್ತಿದ್ದವು. ಅದರ ಹಿಂದೆ ದುಡಿದ ಬರ್ಕ್ಲಿ ವಿಶ್ವವಿದ್ಯಾಲಯದ 'ಪಾತ್' ಸಂಸ್ಥೆಯ ಸ್ಟೀವನ್ ಶ್ಲಾಡೋವರ್ ಮತ್ತು ಸಂಗಡಿಗರು 2012ರಲ್ಲಿ ಇನ್ನೊಂದು ಲೆಕ್ಕ ಪ್ರಕಟಿಸಿದರು. ಮುಂದಿನ ಗಾಡಿಯನ್ನು ತನ್ನ ರೇಡಾರಿನಿಂದ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ, ಆದರೆ ಯಾರ ಜತೆಗೂ ಮಾತಾಡದ ಕಾರುಗಳು ಬಂದರೆ ಹೆದ್ದಾರಿಯ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಒಂದರ ಜತೆ ಒಂದು ಮಾತಾಡುವ ಕಾರುಗಳಾದರೆ ಲೇನಿಗೆ ಗಂಟೆಗೆ ಸುಮಾರು 2000 ಗಾಡಿ ಇದ್ದದ್ದು 4000ದ ಹತ್ತಿರ ಹೋಗಬಹುದು. ಆದರೆ ಷರತ್ತು ಏನು ಗೊತ್ತೇ? ಎಲ್ಲವೂ ಅಂಥ ಕಾರೇ ಆಗಿರಬೇಕು. ನೂರಕ್ಕೆ ನೂರು!

ಇದರ ತಿರುಳು ನೋಡಿ. ಬುದ್ಧಿವಂತ ಕಾರು ಒಂಟಿಯಾಗಿದ್ದರೆ ದಂಡ. ಲಾಭ ಬರುವುದು ಮಾತಿನಿಂದ, ಅದೂ ಎಲ್ಲರೂ ಮಾತಾಡಿದಾಗ.

ರಸ್ತೆ ಕೂಡುವಲ್ಲಿ ಈ ಮಾತು ಹೇಗೆ ಕೆಲಸ ಮಾಡುತ್ತದೆಂದರೆ, ಪಕ್ಕದ ರಸ್ತೆಯಿಂದ ಏರಿ ಬರುವ ಗಾಡಿ ಇನ್ನೂ ದೂರದಲ್ಲಿರುವಾಗಲೇ "ನಾನು ಬರುತ್ತಿದ್ದೇನೆ" ಅನ್ನುತ್ತದೆ. ಮುಖ್ಯ ರಸ್ತೆಯ ಕಾರು ಅದರ ನೆರಳು ತನ್ನ ಮುಂದೆಯೇ ಓಡುತ್ತಿದೆ ಎಂದು ಭಾವಿಸಿಕೊಂಡು, ಈಗಿನಿಂದಲೇ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ. ಕೂಡುವ ಜಾಗಕ್ಕೆ ಬರುವ ಹೊತ್ತಿಗೆ ನೆರಳಿದ್ದ ಕಡೆ ನಿಜವಾದ ಗಾಡಿ ಬಂದು ಕೂರುತ್ತದೆ. ಯಾರೂ ಬ್ರೇಕು ಒತ್ತುವುದಿಲ್ಲ. ಬ್ರೇಕು ಒತ್ತದಿರುವುದು ಯಾಕೆ ಮುಖ್ಯ? ಜಪಾನಿನವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 230 ಮೀಟರಿನ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಸುಮ್ಮನೆ ಸುತ್ತಲು ಹೇಳಿದರು. ಅಡ್ಡ ಬಂದವರಿಲ್ಲ, ಸಿಗ್ನಲ್ ಇಲ್ಲ, ಗುಂಡಿ ಇಲ್ಲ (ಜಪಾನ್ ಅಲ್ಲವೇ!). ಆದರೂ ಸ್ವಲ್ಪ ಹೊತ್ತಿನಲ್ಲಿ ಒಬ್ಬರ ಸಣ್ಣ ತಡವರಿಕೆ ಹಿಂದಿನವರಿಗೆ ಹರಡಿ, ಅಲೆಯಾಗಿ, ಕಾರುಗಳು ನಿಂತು ನಿಂತು ಹೊರಡತೊಡಗಿದವು. ಏನೂ ಇಲ್ಲದಲ್ಲೇ ಜಾಮ್ ಹುಟ್ಟಿತು! ಇನ್ನು ನಡುವೆ ಮೂತಿ ತೂರಿಸುವವನೊಬ್ಬ ಇದ್ದರೆ ಕೇಳಬೇಕೇ? ಅವನಿಗೆ ಉಳಿಯುವುದು ಐದು ಸೆಕೆಂಡು. ಅವನ ಹಿಂದಿನ ಐನೂರು ಮಂದಿಗೆ ಹೋಗುವುದು ಐದೈದು ನಿಮಿಷ.

ಇಲ್ಲಿಗೆ ಬಂದ ಕೂಡಲೇ ಒಂದು ಮಾತು ಕೇಳಿಬರುತ್ತದೆ, ನೀವೂ ಕೇಳಿರುತ್ತೀರಿ. "ಅದೆಲ್ಲ ಜಪಾನು, ಅಮೆರಿಕಕ್ಕೆ ಸರಿ. ನಮ್ಮ ಜನಕ್ಕೆ ಶಿಸ್ತಿಲ್ಲ. ಅದಕ್ಕೇ ಮನುಷ್ಯನನ್ನೇ ಸ್ಟೇರಿಂಗಿನಿಂದ ಎಬ್ಬಿಸಬೇಕು."

ನಮ್ಮ ಜನಕ್ಕೆ ಶಿಸ್ತಿಲ್ಲವೇ? ಬೆಳಗಿನ ಎಂಟೂ ಕಾಲರ ಫಾಸ್ಟ್ ಲೋಕಲ್ ಹತ್ತಿ ಬನ್ನಿ, ತೋರಿಸುತ್ತೇನೆ.

ಡೊಂಬಿವಲಿಯಲ್ಲಿ ಹತ್ತಿದವನು ಥಾಣೆಯಲ್ಲಿ ಇಳಿಯಬೇಕು. ಅವನು ಥಾಣೆ ಬಂದ ಮೇಲೆ ಏಳುತ್ತಾನೆಯೇ? ಎದ್ದರೆ ಇಳಿದದ್ದು ಮುಲುಂಡಿನಲ್ಲೋ ಘಾಟ್‌ಕೋಪರಿನಲ್ಲೋ ಆದೀತು. ಮುಂಬ್ರಾ ದಾಟುತ್ತಿದ್ದ ಹಾಗೆ ಮುಂದಿನವನ ಹೆಗಲು ಮುಟ್ಟಿ "ಥಾಣಾ?" ಅನ್ನುತ್ತಾನೆ. ಅವನು ಥಾಣೆಯವನಾದರೆ ತಲೆಯಾಡಿಸುತ್ತಾನೆ, ಇವನು ಅವನ ಹಿಂದೆ ನಿಲ್ಲುತ್ತಾನೆ. ಅಲ್ಲದಿದ್ದರೆ ಅವನು ಸ್ವಲ್ಪ ಮೈ ತಿರುಗಿಸಿ, ಇವನನ್ನು ಮುಂದೆ ಬಿಟ್ಟು, ಇವನ ಜಾಗಕ್ಕೆ ತಾನು ಬರುತ್ತಾನೆ. ಕಳವಾ ದಾಟುವ ಹೊತ್ತಿಗೆ ಬಾಗಿಲ ಹತ್ತಿರ ಇಳಿಯುವವರ ಸಾಲು ತಯಾರು. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ಇಷ್ಟೆಲ್ಲ ನಡೆಯುತ್ತದೆ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಅರ್ಧ ಕುಂಡೆ ಊರುವಷ್ಟು ಜಾಗ ಬಿಡುವ 'ಫೋರ್ತ್ ಸೀಟ್' ಸಂಪ್ರದಾಯವೂ ಅಲ್ಲೇ ಇದೆ.

ಹೇಳಿ, ವಿಜ್ಞಾನಿಗಳು ಸಾವಿರಾರು ಪುಟ ಬರೆದು ಕಾರಿಗೆ ಕಲಿಸಲು ಹೆಣಗುತ್ತಿರುವುದು ಇದನ್ನೇ ಅಲ್ಲವೇ? ನಿನ್ನ ಉದ್ದೇಶವನ್ನು ಮೊದಲೇ ಹೇಳು. ಸರದಿ ಒಪ್ಪಿಕೋ. ಜಾಗ ಅದಲು ಬದಲು ಮಾಡಿಕೋ. ಕೊನೆಯ ಗಳಿಗೆಯಲ್ಲಿ ನುಗ್ಗಬೇಡ. ಭಾಷೆ ಗೊತ್ತಿಲ್ಲದ, ಊರು ಗೊತ್ತಿಲ್ಲದ ನೂರಾರು ಅಪರಿಚಿತರು ಇದನ್ನು ದಿನಾ ಮಾಡುತ್ತಾರೆ. ನಮ್ಮ ಕಡೆಯಿಂದ ಬಂದವನು ಎರಡು ವಾರದಲ್ಲಿ ಕಲಿಯುತ್ತಾನೆ. ಯಾರೂ ಪಾಠ ಮಾಡುವುದಿಲ್ಲ.

(ರೈಲು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರಾಗಿ ಹಾದ ಎರಡು ಲೋಕಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು. ಆ ಸಾವುಗಳಿಗೆ ಶಿಸ್ತಿನ ಕೊರತೆ ಕಾರಣವಲ್ಲ, ಜಾಗದ ಕೊರತೆ ಕಾರಣ. ಬಾಗಿಲಲ್ಲಿ ನೇತಾಡಲು ಧೈರ್ಯವಿಲ್ಲದವರೇ ಸ್ಕೂಟರ್ ಕೊಂಡು ರಸ್ತೆಗಿಳಿಯುವುದು ಎಂಬುದನ್ನೂ ಮರೆಯಬೇಡಿ.)

ಅದೇ ಮನುಷ್ಯ ಕಲ್ಯಾಣ–ಶಿಲ್ ರಸ್ತೆಗೆ ಬಂದರೆ ಯಾಕೆ ಗೂಳಿಯಾಗುತ್ತಾನೆ? ಡಬ್ಬಿಯಲ್ಲಿ ಅವನಿಗೆ ಬಾಯಿತ್ತು, ಹೆಗಲು ಮುಟ್ಟಲು ಕೈಯಿತ್ತು, ಮುಂಬ್ರಾದಿಂದ ಥಾಣೆಯವರೆಗೆ ಸಮಯವಿತ್ತು, ಎಲ್ಲರೂ ಒಪ್ಪಿದ ಒಂದು ಪದ್ಧತಿಯಿತ್ತು. ಮೀರಿದವನಿಗೆ ನಾಲ್ಕು ಜನ ಅಲ್ಲೇ ಮಂತ್ರಪುಷ್ಪ ಹಾಕುತ್ತಿದ್ದರು. ರಸ್ತೆಯಲ್ಲಿ ಗಾಜು ಏರಿಸಿದ ಡಬ್ಬಿಯೊಳಗೆ ಬಾಯಿಲ್ಲ, ಹಾರ್ನು ಮಾತ್ರ ಇದೆ. ಕೂಡುವ ಜಾಗ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಹೇಳುವ ಗೆರೆಯಿಲ್ಲ. ಯಾರ ಸರದಿ ಎಂದು ಹೇಳುವ ಬೋರ್ಡಿಲ್ಲ. ಶಿಸ್ತು ರಕ್ತದಲ್ಲಿ ಬರುವುದಲ್ಲ ಸ್ವಾಮಿ, ಜಾಗ ಕಲಿಸುವುದು. ನಮ್ಮ ಕುಂದಾಪುರದ ಕಡೆ ಕಂಬಳದ ಗದ್ದೆಯಲ್ಲಿ ಜೋಡುಕರೆ ಮಾಡಿ ನಡುವೆ ದಿಣ್ಣೆ ಹಾಕುತ್ತಾರೆ. ಕೋಣಗಳೂ ತಮ್ಮ ಕರೆಯಲ್ಲೇ ಓಡುತ್ತವೆ. ಕೋಣಕ್ಕೆ ಕೊಟ್ಟ ಸೌಲಭ್ಯವನ್ನು ತೆರಿಗೆ ಕಟ್ಟುವ ಮನುಷ್ಯನಿಗೆ ಕೊಡಬಾರದೇ?

ನಮ್ಮ ರಸ್ತೆಯಲ್ಲಿ ಮಾತು ಇರಲೇ ಇಲ್ಲ ಎಂದೂ ಅಲ್ಲ. ಹಳೆ ಲಾರಿಗಳ ಕ್ಲೀನರ್ ಹುಡುಗ ನೆನಪಿದ್ದಾನೆಯೇ? ಎಡಗಡೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲು ತಟ್ಟುತ್ತ, ಹಿಂದಿನ ಸ್ಕೂಟರಿಗೆ ಕೈ ಅಡ್ಡ ಹಿಡಿದು, ಡ್ರೈವರಿಗೆ "ಜಾನೇ ದೋ, ಜಾನೇ ದೋ" ಎಂದು ಕೂಗುತ್ತಿದ್ದ. ರಿಕ್ಷಾದವನು ಕಾಲು ಹೊರಗೆ ಚಾಚಿ ತಿರುಗುವುದನ್ನು ತಿಳಿಸುತ್ತಾನೆ. ಇವತ್ತು ಕೋಟಿಗಟ್ಟಲೆ ಸುರಿದು ಮಾಡುತ್ತಿರುವ 'ಕನೆಕ್ಟೆಡ್ ವೆಹಿಕಲ್' ಅಂದರೆ ಆ ಕ್ಲೀನರ್ ಹುಡುಗನ ಎಲೆಕ್ಟ್ರಾನಿಕ್ ಅವತಾರ! ವ್ಯತ್ಯಾಸ ಒಂದೇ. ಆ ಹುಡುಗ ಸ್ಕೂಟರಿನವನನ್ನೂ ನೋಡುತ್ತಿದ್ದ, ನಡೆದು ದಾಟುವ ಹೆಂಗಸನ್ನೂ ನೋಡುತ್ತಿದ್ದ. ಬೆಳಿಗ್ಗೆ ನವಿಮುಂಬಯಿಯ ನಾಕಾಗಳಲ್ಲಿ ಕೂಲಿಗೆ ನಿಲ್ಲುವ ನಮ್ಮ ಕಲಬುರಗಿ, ವಿಜಯಪುರದ ಜನ, ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಕೂಸು, ಇವರೆಲ್ಲ ಅವನ ಲೆಕ್ಕದಲ್ಲಿದ್ದರು. ಹೊಸ ಕಾರು ರೇಡಿಯೋದಲ್ಲಿ ಮಾತಾಡುವುದು ರೇಡಿಯೋ ಇದ್ದವರ ಜತೆ ಮಾತ್ರ. ಮಿಕ್ಕವರು ಅದಕ್ಕೆ 'ಅಡಚಣೆ'. ಆ ಪದ ಕೇಳಿದರೇ ನನಗೆ ಆಗುವುದಿಲ್ಲ. ನನ್ನ ಸೊಸೆ ಅಡಚಣೆಯೇ?

ಈಗ ಎಲ್ಲರೂ ಜಾರಿಕೊಳ್ಳುವ ಪ್ರಶ್ನೆಗೆ ಬರುತ್ತೇನೆ. ಎರಡು ಕಾರು ಮಾತಾಡಿಕೊಂಡವು ಅಂತಲೇ ಇಟ್ಟುಕೊಳ್ಳೋಣ. ಮೊದಲು ಹೋಗುವವರು ಯಾರು?

ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಮೊದಲು ಬಂದವನೇ? ಮುಖ್ಯ ರಸ್ತೆಯವನೇ? ಅರವತ್ತು ಜನರಿರುವ ಬಸ್ಸೇ, ಒಬ್ಬನೇ ಕುಳಿತ ದೊಡ್ಡ ಕಾರೇ? ಆಂಬುಲೆನ್ಸ್ ಸರಿ, ಕೆಂಪು ದೀಪ ಕಿತ್ತರೂ ಗತ್ತು ಬಿಡದ ಸಾಹೇಬರ ಗಾಡಿ? ಸಂಶೋಧನೆಯ ಲೇಖನಗಳಲ್ಲಿ ಇದಕ್ಕೆ ಹತ್ತಾರು ಸೂತ್ರಗಳಿವೆ. ಒಂದು ಸರದಿಯಂತೆ ಬಿಡುತ್ತದೆ, ಒಂದು ಒಟ್ಟು ಕಾಯುವ ಹೊತ್ತು ಕಡಿಮೆಯಾಗುವಂತೆ ಬಿಡುತ್ತದೆ, ಇನ್ನೊಂದು ಇಂಧನ ಉಳಿಯುವಂತೆ. ಯಾವ ಸೂತ್ರ ಹಿಡಿದರೂ ಯಾರಿಗೋ ಲಾಭ, ಯಾರಿಗೋ ನಷ್ಟ. ಅದನ್ನು ಆರಿಸುವವರು ಯಾರು? ಕಾರು ಮಾರುವ ಕಂಪನಿಗೆ ಆ ಕೆಲಸ ಬಿಟ್ಟರೆ, ಇಪ್ಪತ್ತೈದು ಲಕ್ಷ ಕೊಟ್ಟವನಿಗೆ "ನಿಮ್ಮ ಕಾರು ಯಾವಾಗಲೂ ಬೇರೆಯವರಿಗೆ ದಾರಿ ಬಿಡುತ್ತದೆ ಸಾರ್" ಎಂದು ಹೇಳಿ ಮಾರುತ್ತಾರೆಯೇ? ಎಲ್ಲ ಕಾರೂ ಅವರವರ ಯಜಮಾನನ ವಕೀಲನಾದರೆ ಅಲ್ಲಿ ನಡೆಯುವುದು ಮಾತುಕತೆಯಲ್ಲ, ಜಗಳ. ಅದು ಈಗಲೂ ನಡೆಯುತ್ತಿದೆ, ಪುಕ್ಕಟೆಯಾಗಿ.

ಆಮೇಲೆ ಬರುವ ಬೇಡಿಕೆ ಯಾವುದೆಂದು ಈಗಲೇ ಹೇಳಿಡುತ್ತೇನೆ. "ನಮ್ಮ ಕಾರುಗಳಿಗೆ ಪ್ರತ್ಯೇಕ ಲೇನು ಕೊಡಿ, ಇಲ್ಲದಿದ್ದರೆ ಪ್ರಯೋಜನವಿಲ್ಲ." ಇರುವ ಮೂರರಲ್ಲಿ ಒಂದು ಲೇನು ಅವರಿಗೆ ಹೋದರೆ ಕಂಟೈನರು, ಬಸ್ಸು, ಸ್ಕೂಟರು ಮಿಕ್ಕ ಎರಡರಲ್ಲಿ. ಊರಿಗೆ ಹೋಗುವ ನಮ್ಮ ಬಸ್ಸೂ ಆ ಎರಡರಲ್ಲೇ!

ಕೇಂದ್ರ ಮಂತ್ರಿ ನಿತಿನ್ ಗಡ್ಕರಿಯವರು 2017ರಲ್ಲಿಯೂ, ಮತ್ತೆ 2023ರಲ್ಲಿಯೂ, ಚಾಲಕನಿಲ್ಲದ ಕಾರನ್ನು ಈ ದೇಶಕ್ಕೆ ಬರಗೊಡುವುದಿಲ್ಲ, ಚಾಲಕರ ಕೆಲಸ ಹೋಗುತ್ತದೆ ಎಂದಿದ್ದರು. ಚಾಲಕರ ಅನ್ನದ ಮಾತು ಸರಿಯೇ. ಆದರೆ ಬಾಗಿಲಲ್ಲಿ ಬೇಡ ಎಂದದ್ದು ಹಿತ್ತಿಲಿಂದ ಬಂದಾಗಿದೆ. 2021ರಿಂದೀಚೆಗೆ ಇಲ್ಲಿಯ ಶೋರೂಮುಗಳಲ್ಲಿ, ತಾನೇ ಬ್ರೇಕು ಹಾಕುವ, ಲೇನು ಹಿಡಿದು ಓಡುವ ಕಾರುಗಳು ಧಾರಾಳವಾಗಿ ಸಿಗುತ್ತಿವೆ. ಲೇನು ಹಿಡಿಯುವ ಕಾರಿಗೆ ಲೇನಿನ ಗೆರೆ ಕಾಣಬೇಕು. ನಮ್ಮಲ್ಲಿ ಮೃಗಶಿರೆ ಮಳೆಗೆ ಅಳಿಸಿದ ಗೆರೆ ದೀಪಾವಳಿಯಾದರೂ ಮರಳುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದದ್ದು ಇದಕ್ಕೇ.

"ಹಾಗಾದರೆ ರಸ್ತೆ ಅಗಲ ಮಾಡಲಿ" ಅನ್ನುತ್ತೀರಾ? ಮಾಡುತ್ತಲೇ ಇದ್ದಾರಲ್ಲ. ಥಾಣೆಯ ಕೋಪರಿ ಸೇತುವೆ ಇಕ್ಕಟ್ಟಿನ ಮಹಾರಾಜನಾಗಿತ್ತು, 2023ರಲ್ಲಿ ಅಗಲವಾಯಿತು, ಒಳ್ಳೆಯದೇ ಆಯಿತು. ಸಮೃದ್ಧಿ ಮಹಾಮಾರ್ಗ 2025ರ ಜೂನಿನಲ್ಲಿ ಪೂರ್ತಿ ತೆರೆಯಿತು. ನಾಗಪುರದಿಂದ 701 ಕಿಲೋಮೀಟರು ಬಾಣದ ಹಾಗೆ ಬಂದು ಭಿವಂಡಿ ಬಳಿಯ ಆಮಣೆಯಲ್ಲಿ ಮುಗಿಯುತ್ತದೆ. ಮುಗಿದ ಮೇಲೆ? ನಮ್ಮ ನಾಸಿಕ್ ಹೆದ್ದಾರಿಯ ಲಾರಿಗಳ ನಡುವೆ ನುಸುಳಬೇಕು. ಐರೋಲಿಯಿಂದ ಪಾರಸಿಕ್ ಗುಡ್ಡ ಕೊರೆದು ಕಟಾಯ್ ನಾಕಾಕ್ಕೆ ಫ್ರೀವೇ ಎಂಬ ಯೋಜನೆಯಿದೆ. ಹೆಸರು ಚೆನ್ನಾಗಿದೆ. ಆದರೆ ಅದು ಹೋಗಿ ಬೀಳುವುದು ಅದೇ ಕಲ್ಯಾಣ–ಶಿಲ್ ರಸ್ತೆಗೆ. ಕೊಡ ದೊಡ್ಡದು ಮಾಡಿದರೆ ಕೊಳವೆ ದೊಡ್ಡದಾಗುವುದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ನಾವು ಊರಿಗೆ ಹೋಗುವ ದಾರಿಯಲ್ಲೇ ಇದೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾದಾಗ ದೇಶವೇ ಹೊಗಳಿತು. ಆದರೆ ಘಾಟಿಯಲ್ಲಿ ಆರು ಲೇನಿನ ಎಕ್ಸ್‌ಪ್ರೆಸ್‌ವೇಗೆ ನಾಲ್ಕು ಲೇನಿನ ಹಳೆ ಹೆದ್ದಾರಿಯನ್ನೂ ತಂದು ಸೇರಿಸಿದರು. ಹತ್ತು ಲೇನಿನ ಗಾಡಿ, ಆರು ಲೇನಿನ ಘಾಟಿ, ಅದೂ ಏರು! ಶನಿವಾರ ಬೆಳಿಗ್ಗೆ ಆಡೋಶಿ ಸುರಂಗದ ಬಳಿ ಸಿಕ್ಕಿಕೊಂಡು ಕುಳಿತವರಿಗೆ ಇದರ ಮರ್ಮ ಗೊತ್ತು. ಅದನ್ನು ಬಿಡಿಸಲು 'ಮಿಸ್ಸಿಂಗ್ ಲಿಂಕ್' ಎಂದು 13 ಕಿಲೋಮೀಟರಿಗೂ ಹೆಚ್ಚಿನ ಹೊಸ ದಾರಿ, ಸುಮಾರು 9 ಕಿಲೋಮೀಟರಿನ ಸುರಂಗ, ಕಣಿವೆಯ ಮೇಲೆ ಸೇತುವೆ ಎಲ್ಲ ಬೇಕಾಯಿತು. ಒಂದು ಕೂಡುದಾರಿಯನ್ನು ಲೆಕ್ಕ ಹಾಕದೆ ಮಾಡಿದ್ದಕ್ಕೆ ತೆತ್ತ ದಂಡ ಇದು.

ಹಾಗಾದರೆ ಏನು ಮಾಡಬೇಕು? ಬೈಯುವುದು ಸುಲಭ ಅನ್ನುತ್ತೀರಿ, ಗೊತ್ತು. ನಾಲ್ಕೇ ಮಾತು ಹೇಳುತ್ತೇನೆ.

ಮೊದಲನೆಯದು, ಸರದಿ. ಒಂದು ಲೇನು ಮುಗಿಯುವಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಗಾಡಿ ಹೋಗಬೇಕು ಎಂಬುದು ಜರ್ಮನಿಯಲ್ಲಿ ಕಾನೂನು. ಪ್ಯಾಂಟಿನ ಜಿಪ್ ಎಳೆದ ಹಾಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಕಟ್ಟಿದ ನಮಗೆ ಇದು ಅರ್ಥವಾಗದ ವಿಷಯವೇ? ಕೂಡುವ ಜಾಗಕ್ಕೆ ಉದ್ದವಾದ ಲೇನು ಬಿಡಲಿ, ಗಟ್ಟಿ ಬಣ್ಣದ ಗೆರೆ ಹಾಕಲಿ, ಮರಾಠಿ, ಹಿಂದಿಯಲ್ಲಿ ದೊಡ್ಡ ಬೋರ್ಡು ಹಾಕಲಿ, ಆ ಜಾಗದಲ್ಲಿ ಬಸ್ಸು ರಿಕ್ಷಾ ನಿಲ್ಲದ ಹಾಗೆ ಸ್ವಲ್ಪ ಮುಂದೆ ಬೇರೆ ತಾಣ ಕೊಡಲಿ. ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ಲೇನು ತಪ್ಪಿದವರಿಗೆ ಕ್ಯಾಮರಾ ನೋಡಿ ದಂಡ ಹಾಕುತ್ತಿದ್ದಾರೆ. ದಂಡ ಹಾಕುವ ಮೊದಲು ನಮ್ಮ ರಸ್ತೆಗಳಿಗೆ ಲೇನು ಕೊಡಲಿ.

ಎರಡನೆಯದು, ತಡೆದು ಬಿಡುವುದು. ಮುಖ್ಯ ರಸ್ತೆ ತುಂಬಿದಾಗ ಪಕ್ಕದ ರಸ್ತೆಯವರನ್ನು ಸಣ್ಣ ಸಿಗ್ನಲ್ ಇಟ್ಟು ಒಂದೊಂದಾಗಿ ಬಿಡುವ ಪದ್ಧತಿ ಚಿಕಾಗೋದಲ್ಲಿ 1963ರಲ್ಲೇ ಶುರುವಾಯಿತು. "ಸುಮ್ಮನೆ ಯಾಕೆ ಕಾಯಬೇಕು" ಎಂದು ಜನ ಗೊಣಗಿದರೆಂದು 2000ದಲ್ಲಿ ಮಿನ್ನೆಸೋಟದ ಶಾಸನಸಭೆ ಅಲ್ಲಿಯ ಸುಮಾರು 430 ಸಿಗ್ನಲುಗಳನ್ನು ಕೆಲವು ವಾರ ಆರಿಸಿ ನೋಡಿತು. ಹೆದ್ದಾರಿಯಲ್ಲಿ ಸಾಗುವ ಗಾಡಿಗಳ ಸಂಖ್ಯೆ ನೂರಕ್ಕೆ 9ರಷ್ಟು ಕುಸಿಯಿತು, ಅಪಘಾತ ನೂರಕ್ಕೆ 26ರಷ್ಟು ಏರಿತು! ತಡೆದು ಬಿಟ್ಟರೆ ಎಲ್ಲರೂ ಬೇಗ ಹೋಗುತ್ತಾರೆ. ಕಲ್ಯಾಣ ಜಂಕ್ಷನ್ನಿನಲ್ಲಿ ಕಸಾರಾದ ಗಾಡಿಯೂ ಕರ್ಜತಿನ ಗಾಡಿಯೂ ಒಂದೇ ಹಳಿಗೆ ಸೇರುವುದು ಹೀಗೆಯೇ ಅಲ್ಲವೇ? ಮೋಟರ್‌ಮನ್ನುಗಳು ಹಾರ್ನು ಹೊಡೆದು ಪೈಪೋಟಿಗೆ ಬೀಳುವುದಿಲ್ಲ, ಕೆಂಪು ಬಿದ್ದವನು ನಿಲ್ಲುತ್ತಾನೆ. 1853ರಲ್ಲಿ ದೇಶದ ಮೊದಲ ಪ್ಯಾಸೆಂಜರ್ ರೈಲು ಬಂದು ನಿಂತದ್ದು ನಮ್ಮ ಥಾಣೆಯಲ್ಲಿ. ಹಳಿಯ ಮೇಲೆ ಕಲಿತ ಪಾಠವನ್ನು ಪಕ್ಕದ ಡಾಂಬರಿಗೆ ತರಲು ಇನ್ನೆಷ್ಟು ವರ್ಷ ಬೇಕು?

ಮೂರನೆಯದು, ಹೊತ್ತು. ಬಂದರಿನಿಂದ ಹೊರಡುವ ಕಂಟೈನರಿಗೆ ಹೊತ್ತು ಗೊತ್ತುಮಾಡಿ, ಆಫೀಸಿನ ಸಮಯಕ್ಕೆ ಅವು ಶಿಲ್‌ಫಾಟಾದಲ್ಲಿ ಇರದ ಹಾಗೆ ಬಿಡಲಿ. ಅದಕ್ಕೆ ಚಾಲಕನಿಲ್ಲದ ಲಾರಿ ಬೇಡ. ಫಾಸ್ಟ್ಯಾಗ್ 2021ರಿಂದ ಕಡ್ಡಾಯವಾಗಿದೆ. ಯಾವ ಲಾರಿ ಯಾವ ನಾಕಾ ಯಾವಾಗ ದಾಟಿತೆಂಬುದು ಹಣ ಕೀಳಲು ಗೊತ್ತಾಗುತ್ತದೆ, ಜೀವ ಉಳಿಸಲು ಗೊತ್ತಾಗುವುದಿಲ್ಲವೇ?

ನಾಲ್ಕನೆಯದು, ಭಾಷೆ. ಮಾತಾಡುವ ಗಾಡಿ ಬರುವುದಾದರೆ ಬರಲಿ. ಆದರೆ ಎಲ್ಲ ಕಂಪನಿಯ ಗಾಡಿಗೂ ಒಂದೇ ಭಾಷೆ ಇರಬೇಕು, ಯಾರು ಮೊದಲು ಎಂಬ ಸೂತ್ರ ಬಹಿರಂಗವಾಗಿ ಕಾನೂನಿನಲ್ಲಿ ಬರೆದಿರಬೇಕು. ಮೊದಲು ಆ ಯಂತ್ರ ಕೂರಬೇಕಾದ್ದು ಐಷಾರಾಮಿ ಕಾರಿಗಲ್ಲ, ಬಸ್ಸಿಗೆ ಮತ್ತು ಕಂಟೈನರಿಗೆ, ಯಾಕೆಂದರೆ ಹೆಚ್ಚು ಜನರನ್ನು ಹೊರುವುದು ಒಂದು, ಹೊರಳಿದರೆ ಜೀವ ತೆಗೆಯುವುದು ಇನ್ನೊಂದು. ಪಕ್ಕದಲ್ಲಿ ರೇಡಿಯೋ ಇಲ್ಲದ ಸ್ಕೂಟರು ಇದ್ದರೆ ಅದು ಕಾಣುವವರೆಗೆ ಹೊರಳಕೂಡದು ಎಂಬುದು ಮೊದಲ ಸಾಲಾಗಿರಬೇಕು. ನಾಲ್ಕೈದು ಭಾಷೆಯ ನಡುವೆ ಬದುಕಿ ಬಾಳಿದ ನಮಗೆ ಗೊತ್ತಿಲ್ಲದ್ದೇ ಇದು? ಬಂದ ಊರಿನಲ್ಲಿ ನಮ್ಮ ಮಾತು ನಮ್ಮ ಮನೆಯಲ್ಲಿ ಉಳಿಯಲಿ, ಬೀದಿಯಲ್ಲಿ ಎಲ್ಲರಿಗೂ ತಿಳಿಯುವ ಮಾತಾಡಬೇಕು. ಕಾರೂ ಹಾಗೆಯೇ ಕಲಿಯಲಿ.

ಈ ನಾಲ್ಕರಲ್ಲಿ ಮೊದಲ ಮೂರಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಬಣ್ಣ, ಬೋರ್ಡು, ಸಿಗ್ನಲು, ನಾಲ್ಕು ಜನ ಪೊಲೀಸರು, ಮತ್ತೆ ಒಂದು ಕಡೆ ಕುಳಿತು ಮಾತಾಡುವ ಅಧಿಕಾರಿಗಳು. ಕೊನೆಯದೇ ಕಷ್ಟ. ಇಲ್ಲಿ ಒಂದು ತುಂಡು ರಸ್ತೆ ಎಂಎಂಆರ್‌ಡಿಎಯದ್ದು, ಒಂದು ತುಂಡು ಎಂಎಸ್‌ಆರ್‌ಡಿಸಿಯದ್ದು, ಒಂದು ಪಾಲಿಕೆಯದ್ದು, ಒಂದು ಹೆದ್ದಾರಿ ಪ್ರಾಧಿಕಾರದ್ದು. ಒಬ್ಬರು ಹಾಕಿದ ಡಾಂಬರನ್ನು ಇನ್ನೊಬ್ಬರು ಅಗೆಯುತ್ತಾರೆ. ಕಾರು ಕಾರು ಮಾತಾಡುವ ಮೊದಲು ಈ ಇಲಾಖೆಗಳು ಒಂದರ ಜತೆ ಒಂದು ಮಾತಾಡಲಿ ಸ್ವಾಮಿ! ಅದಕ್ಕೆ ಉಪಗ್ರಹ ಬೇಡ, ಒಂದು ಮೇಜು, ಐದು ಕಪ್ ಚಹಾ ಸಾಕು.

ನಮ್ಮ ಸಂಘಗಳಿಗೂ ಒಂದು ಮಾತು. ನಾವು ಯಕ್ಷಗಾನಕ್ಕೆ, ಸನ್ಮಾನಕ್ಕೆ, ಶಾಲು ಹೊದೆಸುವುದಕ್ಕೆ ಸಭಾಭವನ ತುಂಬಿಸುತ್ತೇವೆ. ಮುಂದಿನ ಸಲ ಪಾಲಿಕೆಯ ಚುನಾಯಿತರನ್ನೋ ಶಾಸಕರನ್ನೋ ಮುಖ್ಯ ಅತಿಥಿಯಾಗಿ ಕರೆದಾಗ, ಹೂಗುಚ್ಛದ ಜತೆ ಕಟಾಯ್, ಶಿಲ್‌ಫಾಟಾ, ಐರೋಲಿಯ ಕೂಡುದಾರಿಗಳ ಬಗ್ಗೆ ಒಂದು ಪುಟದ ಅರ್ಜಿಯನ್ನೂ ಕೈಗಿಡೋಣ. "ನಾವು ಹೊರಗಿನವರು, ನಮಗ್ಯಾಕೆ" ಎಂದು ಸುಮ್ಮನಿರುವ ಕಾಲ ಮುಗಿಯಿತು. ನಮ್ಮ ಮಕ್ಕಳು ಹುಟ್ಟಿದ್ದು ಇಲ್ಲಿ, ತೆರಿಗೆ ಕಟ್ಟುವುದು ಇಲ್ಲಿ, ದಿನಾ ಬೆಳಿಗ್ಗೆ ಕಂಟೈನರಿನ ಪಕ್ಕ ಸ್ಕೂಟರ್ ಓಡಿಸುವುದೂ ಇಲ್ಲೇ.

ಚಾಲಕನಿಲ್ಲದ ಕಾರು ಯಾವಾಗ ಬೇಕಾದರೂ ಬರಲಿ. ಅಷ್ಟರವರೆಗೆ ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಅಲ್ಲಿ ಸೇರಬೇಕಾದವರು ನಾವೇ. ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಶುರು ಮಾಡಲು ಇಷ್ಟು ಸಾಕು... ಏನಂತೀರಿ?